ಹದಿನಾರನೆಯ ಆವರಣದ ಎಣಿಕೆ

ಇದು ನಡೆದದ್ದು ಸಾವಿರದ ಒಂಬೈನೂರ ಐವತ್ತೆಂಟನೆಯ ಇಸವಿ, ಜೂನ್ ಇಪ್ಪತ್ತಮೂರು, ಸೋಮವಾರ ರಾತ್ರಿ.

ಸಂತ ಹ್ವಾನರ ಹಬ್ಬದ ಮುನ್ನಾದಿನ. ಬೀದಿಬೀದಿಯಲ್ಲಿ ಬೆಂಕಿ ಹಾಕಿದ್ದರು. ನಮ್ಮಲ್ಲಿ ಜೂನ್ ಎಂದರೆ ನಡುಚಳಿಗಾಲ; ನದಿಯ ಕಡೆಯಿಂದ ಮೂಳೆ ಕೊರೆಯುವ ಗಾಳಿ ಬೀಸುತ್ತಿತ್ತು. ನಡೆದದ್ದು ನನ್ನ ಚಿಕ್ಕಪ್ಪನ ಮಗ ಫೆರ್ಮಿನ್‌ಗೆ. ನಾನು ಜೊತೆಯಲ್ಲಿದ್ದೆ. ಯಾರೋ ಹೇಳಿದ್ದನ್ನು ಇನ್ನಾರಿಗೋ ಹೇಳುವ ಅಭ್ಯಾಸ ನನಗಿಲ್ಲ.

ಫೆರ್ಮಿನ್ ಆಗ ನಮ್ಮ ನಗರದ ಮೃಗಾಲಯದ ರಾತ್ರಿ ಕಾವಲುಗಾರ. ಗೇಟಿನ ಒಳಗಿದ್ದ ಎರಡು ಕೋಣೆಯ ಮನೆ ಕೆಲಸದೊಂದಿಗೆ ಬಂದದ್ದು. ಕೆಲಸ ಹೋದರೆ ಅದೂ ಹೋಗುತ್ತಿತ್ತು. ಹೆಂಡತಿ ಕಾಸಿಲ್ದಾಗೆ ಎಂಟು ತಿಂಗಳು ತುಂಬಿತ್ತು. ಇಷ್ಟನ್ನು ನೆನಪಿಟ್ಟುಕೊಂಡು ಮುಂದಿನದನ್ನು ಕೇಳಬೇಕು.

ಮರುದಿನ ಮೃಗಾಲಯಕ್ಕೆ ಐವತ್ತು ವರ್ಷ ತುಂಬುತ್ತಿತ್ತು. ನಗರಸಭೆಯವರು ಒಂದು ಪುಸ್ತಿಕೆ ತರಲು ಹೊರಟಿದ್ದರು: 'ನಮ್ಮ ಮೃಗಾಲಯ, ಅದರ ಚರಿತ್ರೆ ಮತ್ತು ಆಕರ್ಷಣೆಗಳು'. ಶಾಲೆಯ ಟೀಚರು, ಕಾನ್ವೆಂಟಿನಲ್ಲಿ ಓದಿದವಳು, ತಪ್ಪಿಲ್ಲದೆ ಬರೆಯುತ್ತಾಳೆ ಎಂದು ಆ ಕೆಲಸವನ್ನು ನನಗೆ ವಹಿಸಿದರು. ನಾನು ಬರೆದೆ. ಇಟಲಿಯವರ ಸಂಘ ಕಾಣಿಕೆ ಕೊಟ್ಟ ಕರಡಿ. ಅರಮನೆಯ ಕಮಾನುಗಳಿದ್ದ ಕೋತಿಮನೆ. ಸರ್ಕಸ್ಸಿನವರು ಬಿಟ್ಟುಹೋದ ಮುದಿ ಒಂಟೆ. ಕಪ್ಪು ಕತ್ತಿನ ಹಂಸಗಳ ಕೊಳ. ಒಂದನೆಯ ಆವರಣದಿಂದ ಹದಿನೈದನೆಯದರವರೆಗೆ ಬರೆದೆ. ಹದಿನೇಳರಿಂದ ಇಪ್ಪತ್ತಾರರವರೆಗೆ ಬರೆದೆ. ಹದಿನಾರಕ್ಕೆ ನಿರ್ದೇಶಕರು ಕಳಿಸಿದ ಟಿಪ್ಪಣಿಯಲ್ಲಿ ಒಂದೇ ಪದವಿತ್ತು: ಖಾಲಿ. ಅದನ್ನೂ ಬರೆದೆ. ಅಂದು ಜೂನ್ ಹತ್ತು, ಮಂಗಳವಾರ.

ಹದಿನಾರು ನನಗೆ ಚೆನ್ನಾಗಿ ಗೊತ್ತಿದ್ದ ಜಾಗ. ಹಳೆಯ ಬಾವಿಯ ಪಕ್ಕ, ದೊಡ್ಡ ಓಂಬೂ ಮರದ ಕೆಳಗೆ, ಕಬ್ಬಿಣದ ಸರಳುಗಳ ಬೇಲಿ. ಒಳಗೆ ತುಳಿದು ಗಟ್ಟಿಯಾದ ನೆಲ. ಹುಲ್ಲು ಸಹ ಇಲ್ಲ.

ನಮ್ಮ ಕಾನ್ವೆಂಟಿನಲ್ಲಿ ಹುಡುಗಿಯರನ್ನು ಹೆಸರಿನಿಂದ ಕರೆಯುತ್ತಿರಲಿಲ್ಲ. ಬಟ್ಟೆಗೆ, ತಟ್ಟೆಗೆ, ಮಂಚಕ್ಕೆ ಎಲ್ಲಕ್ಕೂ ನಂಬರು. ತಾಯಿಯೂ ಅಲ್ಲಿಯೇ ಓದಿದ್ದರೆ ಅವಳ ನಂಬರೇ ಮಗಳಿಗೆ. ನನ್ನದು ಮೂವತ್ತೇಳು. ಹಬ್ಬದ ಮುನ್ನಾದಿನ ಪ್ರತಿಯೊಬ್ಬಳೂ ಮುಷ್ಟಿಗಾತ್ರದ ಒಂದು ಬನ್ನು ಮಾಡಿ, ಹಸಿ ಹಿಟ್ಟಿನ ಮೇಲೆ ಕಡ್ಡಿಯಿಂದ ಚುಚ್ಚಿ ತನ್ನ ನಂಬರು ಬರೆಯಬೇಕು. ಮರುದಿನ ಸಾಲಾಗಿ ಮೃಗಾಲಯಕ್ಕೆ ಹೋಗಿ, ಹದಿನಾರನೆಯ ಬೇಲಿಯ ಒಳಕ್ಕೆ ಅದನ್ನು ಎಸೆಯಬೇಕು. 'ಬಡವರ ಪಾಲು' ಎಂದು ಅದಕ್ಕೆ ಹೆಸರು. ಅಲ್ಲಿ ಬಡವರು ಯಾರೂ ಇರಲಿಲ್ಲ. ಏಕೆಂದು ಕೇಳಿದವರ ಬೆರಳಗೆಣ್ಣಿಗೆ ಮದರ್ ಪೆಟ್ರೊನಿಲಾ ಅಳತೆಪಟ್ಟಿಯ ಅಂಚಿನಿಂದ ಹೊಡೆಯುತ್ತಿದ್ದರು. ನಾನು ಒಮ್ಮೆ ಕೇಳಿದೆ. ಮತ್ತೆ ಕೇಳಲಿಲ್ಲ. ಒಂಬತ್ತು ವರ್ಷ ಎಸೆದೆ.

ಇಪ್ಪತ್ತೊಂದನೆಯ ತಾರೀಖು ಶನಿವಾರ ಫೆರ್ಮಿನ್ ಮತ್ತು ಕಾಸಿಲ್ದಾ ನನ್ನ ಮನೆಗೆ ಬಂದರು. ಮಾತೆ ಎಂಬ ಎಲೆಯ ಬಿಸಿ ಕಷಾಯ ಕುಡಿಯಲು ಕೊಟ್ಟೆ. ಅವನು ಕೈಯಲ್ಲೇ ಹಿಡಿದು ಕುಳಿತ.

"ಅಕ್ಕ, ನಾನು ಸಾರಾಯಿ ಕುಡಿಯಲ್ಲ ಅಂತ ನಿಂಗೆ ಗೊತ್ತಲ್ವಾ?"

"ಭಾನುವಾರ ಕುಡೀತೀಯ."

"ಭಾನುವಾರದ ಮಾತು ಬಿಡು. ಎಣಿಕೆ ತಪ್ಪಿದ್ದು ಹತ್ತನೇ ತಾರೀಖು ಮಂಗಳವಾರದಿಂದ. ನಿನ್ನೆಗೆ ಹನ್ನೊಂದು ರಾತ್ರಿ ಆಯ್ತು."

ಮೃಗಾಲಯದ ಎಣಿಕೆಯ ಕ್ರಮ ಹೀಗಿತ್ತು. ಕಾವಲುಗಾರರಿಗೆ ಓದುಬರಹ ಬಾರದು. ಬರುವವರನ್ನು ಆ ಕೆಲಸಕ್ಕೆ ತೆಗೆದುಕೊಂಡದ್ದೂ ಇಲ್ಲ. ರಾತ್ರಿ ಹನ್ನೊಂದರ ಸುತ್ತಿನಲ್ಲಿ ಒಂದು ಹಳೆಯ ಎಣ್ಣೆ ಡಬ್ಬಿ, ಜೇಬಿನ ತುಂಬ ಮೆಕ್ಕೆಜೋಳ. ಪ್ರತಿ ಆವರಣದ ಮುಂದೆ ಲಾಟೀನು ಎತ್ತಿ ನೋಡುವುದು. ಒಂದು ಪ್ರಾಣಿಗೆ ಒಂದು ಕಾಳು. ಮುಚ್ಚಳದ ತೂತಿನಿಂದ ಒಳಗೆ ಹಾಕುವುದು. ಟಿಣ್. ಕೊನೆಗೆ ಕಚೇರಿಯಲ್ಲಿ ಡಬ್ಬಿ ಸುರಿದು ಕಾಳು ಎಣಿಸುವರು. ನೂರ ಹನ್ನೆರಡು ಇರಬೇಕು.

"ನೂರ ಹದಿನಾರು ಬರ್ತಿದೆ, ಅಕ್ಕ."

"ಜಾಸ್ತಿ ಹಾಕಿರ್ತೀಯ."

"ನಾನು ಹಾಕಲ್ಲ. ಹದಿನಾರರ ಮುಂದೆ ಹಾದು ಹೋಗ್ತೀನಿ, ಡಬ್ಬಿ ಕಂಕುಳಲ್ಲೇ ಇರುತ್ತೆ... ಟಿಣ್, ಟಿಣ್, ಟಿಣ್... ಆಮೇಲೆ ಸ್ವಲ್ಪ ಬಿಟ್ಟು ಇನ್ನೊಂದು."

"ಕೇಳಕ್ಕ ಇವನ್ನ," ಎಂದಳು ಕಾಸಿಲ್ದಾ. "ನಾಳೆ ನಂಗೆ ಒಂದು ಮಗು ಹುಟ್ಟಿದ್ರೆ ಐದು ಅಂತ ಊರೆಲ್ಲ ಹೇಳ್ಕೊಂಡು ಬರ್ತಾನೆ."

"ನಗು, ನಗು. ಬೀದೀಲಿ ಹೆರುವಾಗ ನಗು."

ಅವಳು ನಗು ನಿಲ್ಲಿಸಿದಳು.

ನಿರ್ದೇಶಕರು ಹೊಸಬರು. ಮೇಜರ್ ಒತ್ತಾವಿಯೊ ರೆಕಾಲ್ದೆ, ಸೈನ್ಯದಿಂದ ನಿವೃತ್ತರಾಗಿ ಬಂದವರು. ಪ್ರಾಣಿಗಳ ವಿಷಯ ತಿಳಿಯದಿದ್ದರೂ ಶಿಸ್ತಿನ ವಿಷಯ ತಿಳಿದಿತ್ತು. ಅವರ ಅಪ್ಪಣೆ ಇಷ್ಟು: ಹಬ್ಬದ ಮುನ್ನಾದಿನ ಡಬ್ಬಿಗೆ ತಾವೇ ಅರಗಿನ ಮುದ್ರೆ ಹಾಕುವರು. ಮಧ್ಯರಾತ್ರಿ ತಾವೇ ಒಡೆಯುವರು. ಎಣಿಕೆ ತಪ್ಪಿದರೆ ಬೆಳಗಾಗುವುದರೊಳಗೆ ಮನೆ ಖಾಲಿ ಮಾಡಬೇಕು. ಓದುಬರಹ ಬಲ್ಲ ಒಬ್ಬ ಸಾಕ್ಷಿಯನ್ನು ಫೆರ್ಮಿನ್ ಕರೆತರಬಹುದು.

"ನೀನು ಬಾ ಅಕ್ಕ. ನಿನ್ನ ಮಾತನ್ನ ಊರಲ್ಲಿ ಯಾರೂ ಸುಳ್ಳು ಅನ್ನಲ್ಲ."

"ನಾನು ನೋಡಿದ್ದನ್ನ ಮಾತ್ರ ಬರೀತೀನಿ. ನಿನಗೆ ಬೇಕಾದ್ದನ್ನ ಅಲ್ಲ."

"ಅದಕ್ಕೇ ಕರೀತಿರೋದು."

ಹಬ್ಬದ ಮುನ್ನಾದಿನ, ರಾತ್ರಿ ಹತ್ತೂವರೆಗೆ ನಾವು ಕಚೇರಿಯಲ್ಲಿದ್ದೆವು. ಮೇಜರ್ ಡಬ್ಬಿಯನ್ನು ತಲೆಕೆಳಗು ಮಾಡಿ ತೋರಿಸಿದರು. ಖಾಲಿ. ಮುಚ್ಚಳದ ಅಂಚಿಗೆ ಅರಗು ಸುರಿದು ನಗರಸಭೆಯ ಮುದ್ರೆ ಒತ್ತಿದರು. ತೂತನ್ನು ನಾನು ಪರೀಕ್ಷಿಸಿದೆ. ನನ್ನ ಕಿರುಬೆರಳಿನ ತುದಿಯೂ ಅದರಲ್ಲಿ ಹೋಗಲಿಲ್ಲ.

ನಾವು ಮೂವರು ಹೊರಟೆವು. ಮೂರನೆಯವನು ತಿಬುರ್ಸಿಯೊ. ಎಪ್ಪತ್ತು ವರ್ಷದ ಮುದುಕ, ಮೃಗಾಲಯ ತೆರೆದಂದಿನಿಂದ ಅಲ್ಲಿದ್ದವನು. ನಿವೃತ್ತಿಯಾದರೂ ಹೋಗಲು ಜಾಗವಿಲ್ಲದೆ ಹುಲ್ಲಿನ ಕೊಟ್ಟಿಗೆಯಲ್ಲಿ ಮಲಗುತ್ತಿದ್ದ. ಲಾಟೀನು ಹಿಡಿಯಲು ಫೆರ್ಮಿನ್ ಅವನನ್ನು ಕರೆದಿದ್ದ.

"ಟೀಚರಮ್ಮ ಸಿಂಹಕ್ಕೆ ಹೆದರಲ್ಲ ತಾನೆ?" ಎಂದ ಮುದುಕ.

"ಸಿಂಹ ಕಾಗುಣಿತ ತಪ್ಪು ಮಾಡಿದ್ರೆ ಅದೇ ಅಕ್ಕನಿಗೆ ಹೆದರುತ್ತೆ," ಎಂದ ಫೆರ್ಮಿನ್.

ಡಬ್ಬಿಯನ್ನು ನಾನೇ ಹಿಡಿದಿದ್ದೆ. ಕಾಳನ್ನು ಅವನು ಹಾಕುತ್ತಿದ್ದ. ಕರಡಿ ಒಂದು... ಟಿಣ್. ಒಂಟೆ ಒಂದು... ಟಿಣ್. ಕೋತಿಮನೆಯ ಬಳಿ ತುಂಬ ಹೊತ್ತು ನಿಂತೆವು. ಹದಿನೈದನೆಯದರ ಜಿಂಕೆಗಳು ಮುಗಿದವು. ಮುಂದೆ ಬಾವಿ. ರಾಟೆ ಗಾಳಿಗೆ ತಿರುಗುತ್ತಿತ್ತು. ಕಿರ್ರ್... ಕಿರ್ರ್... ಆಚೆಗೆ ಓಂಬೂ ಮರ. ಅದರ ಬೇರುಗಳು ನೆಲದ ಮೇಲೆ ಮಲಗಿದ ದನಗಳಂತೆ ಕಂಡವು.

ಮುದುಕ ನಿಂತುಬಿಟ್ಟ.

"ನಾನಿಲ್ಲೇ ಇರ್ತೀನಿ."

"ಬೆಳಕು ಬೇಕು ತಾತ, ಬಾ."

"ಬ್ಯಾಡ ಮಗ..."

ಫೆರ್ಮಿನ್ ಅವನ ತೋಳು ಹಿಡಿದು ಎಳೆದುಕೊಂಡು ಬಂದ. ಆಮೇಲೆ ನನ್ನ ಕಿವಿಯ ಬಳಿ ಬಾಗಿದ.

"ಇಲ್ಲಿಂದ ಮಾತಾಡ್ಬೇಡ."

"ಯಾಕೆ?"

"ಸುಮ್ನಿರು..."

ಬೇಲಿಯ ಮುಂದೆ ಬಂದೆವು. ಲಾಟೀನಿನ ಬೆಳಕಿನಲ್ಲಿ ಬರಿಯ ನೆಲ. ಯಾರೂ ಇಲ್ಲ. ನಾನು ಡಬ್ಬಿಯ ತೂತಿನ ಮೇಲೆ ಅಂಗೈಯನ್ನು ಬಲವಾಗಿ ಒತ್ತಿ ಹಿಡಿದೆ. ಫೆರ್ಮಿನ್‌ನ ಎರಡು ಕೈಗಳೂ ನನಗೆ ಕಾಣುತ್ತಿದ್ದವು. ರಾಟೆ ನಿಂತಿತು. ಗಾಳಿ ಇನ್ನೂ ಬೀಸುತ್ತಿತ್ತು, ಆದರೂ ನಿಂತಿತು.

ದುಬ್.

ಡಬ್ಬಿಯ ಒಳಗೆ. ಅದು ಕಾಳಿನ ಸದ್ದಲ್ಲ. ಡಬ್ಬಿ ಭಾರವಾಗಿ ಜಗ್ಗಿತು. ಅಂಗೈಗೆ ಏನೂ ತಾಕಲಿಲ್ಲ.

ದುಬ್.

ದುಬ್.

ನಾಲ್ಕನೆಯದು ತಡವಾಯಿತು... ಯಾರೋ ಕೂಸನ್ನು ಎತ್ತಿ ಹಿಡಿದು, ಅದರ ಕೈಯಿಂದ ಹಾಕಿಸುವಷ್ಟು ತಡ. ಆಗ ನನಗೆ ಹಾಗೆ ಅನ್ನಿಸಲಿಲ್ಲ. ಈಗ ಅನ್ನಿಸುತ್ತದೆ.

ದುಬ್.

ಮುದುಕ ಬೇರಿನ ಮೇಲೆ ಕುಸಿದು ಕುಳಿತ. ಲಾಟೀನು ನೆಲಕ್ಕೆ ತಗುಲಿ ಖಣ್ ಎಂದಿತು.

"ಇನ್ನೂ ಲೆಕ್ಕಕ್ಕೆ ಬರ್ತಾವ್ರೆ," ಎಂದ.

"ಯಾರು?"

"ಈ ಆವರಣದೋರು."

"ಇಲ್ಲಿ ಯಾವ ಪ್ರಾಣಿ ಇತ್ತು, ತಾತ?"

"ಪ್ರಾಣಿ ಅಲ್ಲಮ್ಮ..."

ನಾನು ಕಾದೆ. ಮಕ್ಕಳು ಸತ್ಯ ಹೇಳುವ ಮುಂಚೆ ಹೀಗೆಯೇ ತಡೆಯುತ್ತಾರೆ.

"ಚಾಕೋ ಕಾಡಿನ ಕಡೆಯ ಜನ. ಗಂಡ, ಹೆಂಡ್ತಿ, ಆರೇಳು ವರ್ಷದ ಹುಡುಗಿ, ಮೊಲೆ ಕುಡಿಯೋ ಕೂಸು. ನದಿ ಮೇಲೆ ದೋಣೀಲಿ ತಂದ್ರು, ಝೂ ಶುರುವಾದಾಗ. ಇಲ್ಲೊಂದು ಹುಲ್ಲಿನ ಗುಡಿಸಲು ಮಾಡಿದ್ರು. ಮುಂದೆ ಬೋರ್ಡು. ನಂಗೆ ಓದೋಕೆ ಬರಲ್ಲ. ಜನ ಓದಿ ನಗೋರು."

"ಬೀಗ ಇತ್ತಾ?"

"ಇತ್ತು."

"ಬೀಗದ ಕೈ ಯಾರ ಹತ್ರ?"

ಅವನು ಲಾಟೀನಿನ ಬತ್ತಿ ತಗ್ಗಿಸಿದ.

"ನನ್ನ ಹತ್ರ."

"ರಾತ್ರಿ ಎಣಿಕೇಲಿ?"

"ನಾಲ್ಕು ಕಾಳು. ನಾನೇ ಹಾಕ್ತಿದ್ದೆ."

ಫೆರ್ಮಿನ್ ಅವನ ಕಾಲ ಬಳಿ ಉಗಿದ. "ಥೂ!"

"ಉಗಿ ಮಗ. ಐವತ್ತು ವರ್ಷದಿಂದ ಯಾರೂ ಉಗೀಲಿಲ್ಲ. ಉಗಿ."

"ಆಮೇಲೆ?" ಎಂದೆ.

"ನಿಮ್ಮ ಕಾನ್ವೆಂಟಿನ ಹುಡುಗೀರ್ನ ಕರ್ಕೊಂಡು ಬಂದ್ರು. ಎಲ್ಲ ಬನ್ನು ಎಸೆದ್ವು. ಆ ಹೆಂಗಸು ಒಂದನ್ನೂ ಬಾಯಿಗೆ ಇಡ್ಲಿಲ್ಲಮ್ಮ. ಒಂದೊಂದೇ ಎತ್ತಿ, ಮಣ್ಣು ಒರೆಸಿ, ಸರಳಿನ ಸಂದಿಯಿಂದ ವಾಪಸ್ ಆಚೆ ಇಟ್ಲು. ಸಾಲಾಗಿ. ಆ ಕೂಸಿನ ಕೈಗೂ ಒಂದು ಕೊಟ್ಟು ಆಚೆ ಇಡಿಸಿದ್ಲು. 'ಕಾಡುಜನಕ್ಕೆ ಎಷ್ಟು ಸೊಕ್ಕು ನೋಡಿ' ಅಂದ್ರು ನಿಮ್ಮ ಮದರ್ರು."

"ಆಮೇಲೆ?"

"ಆಗಸ್ಟಲ್ಲಿ ಜ್ವರ ಬಂತು. ಮೊದಲು ಕೂಸು. ಒಂದು ವಾರದಲ್ಲಿ ಎಲ್ಲಾರೂ."

"ಎಲ್ಲಿ ಹೂತಿರಿ?"

"ಹೂಳ್ಲಿಲ್ಲ. ರಾಜಧಾನಿಯಿಂದ ಪೆಟ್ಟಿಗೆ ಬಂದ್ವು, ನಾಲ್ಕು. ಅಲ್ಲೆಲ್ಲೋ ಮ್ಯೂಸಿಯಂ ಗಾಜಿನ ಬೀರೂಲಿ ಇವರನ್ನ ಇಡೋಕಂತೆ. ಅವತ್ತು ರಾತ್ರಿ ಎಣಿಕೇಲಿ ನಾಲ್ಕು ಕಮ್ಮಿ ಬಂತು. ಸಾಹೇಬ್ರು ಏನೂ ಕೇಳ್ಲಿಲ್ಲ."

ನಾಲ್ಕು ಕಡಿಮೆಯಾದಾಗ ಯಾರೂ ಕೇಳಲಿಲ್ಲ. ನಾಲ್ಕು ಹೆಚ್ಚಾದಾಗ ಒಂದು ಸಂಸಾರವನ್ನು ಬೀದಿಗೆ ಹಾಕಲು ಹೊರಟಿದ್ದರು.

"ಅವರ ಹೆಸರು?"

"ಗೊತ್ತಿಲ್ಲ."

"ಎರಡು ತಿಂಗಳು ಬೀಗ ಹಾಕಿ ತೆಗೆದೋನಿಗೆ ಹೆಸರು ಗೊತ್ತಿಲ್ವಾ?"

"ಯಾರೂ ಕೇಳ್ಲಿಲ್ಲಮ್ಮ. ನಾನೂ ಕೇಳ್ಲಿಲ್ಲ."

ಅವನನ್ನು ಹೊಡೆಯಬೇಕೆನ್ನಿಸಿತು. ಜೀವನದಲ್ಲಿ ಒಮ್ಮೆ ಮಾತ್ರ ನನಗೆ ಹಾಗೆ ಅನ್ನಿಸಿದ್ದು. ಕೈ ಏಳಲಿಲ್ಲ. ಸಾವಿರದ ಒಂಬೈನೂರ ಎಂಟರಲ್ಲಿ ನನ್ನ ತಾಯಿಗೆ ಹತ್ತು ವರ್ಷ. ಆ ಹುಡುಗಿಯರ ಸಾಲಿನಲ್ಲಿ ಅವಳಿದ್ದಳು. ಎಲ್ಲರಿಗಿಂತ ದೂರ ಎಸೆದವಳು ತಾನೇ ಎಂದು ಸಾಯುವವರೆಗೂ ಹೇಳಿಕೊಳ್ಳುತ್ತಿದ್ದಳು. ಎಲ್ಲಿಗೆ ಎಸೆದಳೆಂದು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಉಳಿದ ಹತ್ತು ಆವರಣಗಳನ್ನು ಎಣಿಸಿದೆವು. ಬಾವಿಯ ರಾಟೆ ಹಿಂದಿನಿಂದ ಮತ್ತೆ ಕಿರ್ರ್ ಎನ್ನತೊಡಗಿತ್ತು.

ಕಚೇರಿಯಲ್ಲಿ ಮೇಜರ್ ಕಾಯುತ್ತಿದ್ದರು. ಕಾಸಿಲ್ದಾ ಸಹ ಹೊಟ್ಟೆಯ ಮೇಲೆ ಶಾಲು ಹೊದ್ದು ಬಾಗಿಲ ಬಳಿ ನಿಂತಿದ್ದಳು. ಮೇಜರ್ ದೀಪದ ಬಳಿ ಹಿಡಿದು ಮುದ್ರೆ ನೋಡಿದರು. ಒಡೆದಿರಲಿಲ್ಲ. ಅರಗು ಕಿತ್ತು, ಮುಚ್ಚಳ ಎತ್ತಿ, ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದರು.

ಕಾಳುಗಳು ಚೆಲ್ಲಿದವು. ಅವುಗಳ ಜೊತೆಗೆ ನಾಲ್ಕು ಬನ್ನುಗಳು ಉರುಳಿದವು. ಕಲ್ಲಿನಂತೆ ಒಣಗಿದ್ದವು. ಮೇಜಿಗೆ ಬಿದ್ದಾಗ ಠಕ್ ಠಕ್ ಎಂದವು. ಮಣ್ಣು ಒರೆಸಿ ಇಟ್ಟಂತೆ ಶುಭ್ರವಾಗಿದ್ದವು.

ಪ್ರತಿಯೊಂದರ ಮೇಲೂ ಕಡ್ಡಿಯಿಂದ ಚುಚ್ಚಿದ ಚುಕ್ಕೆಗಳು. ಮೂವತ್ತೇಳು. ಮೂವತ್ತೇಳು. ಮೂವತ್ತೇಳು. ಮೂವತ್ತೇಳು.

"ಏನ್ರೀ ಇದು ತಮಾಷೆ?" ಎಂದರು ಮೇಜರ್.

"ಈ ತೂತಲ್ಲಿ ತೂರಿಸಿ ತೋರಿಸಿ," ಎಂದೆ.

ಅವರು ನಿಜವಾಗಿಯೂ ಪ್ರಯತ್ನಿಸಿದರು. ಬನ್ನನ್ನು ತೂತಿನ ಮೇಲಿಟ್ಟರು. ತೆಗೆದರು. ಮುದ್ರೆಯ ಚೂರುಗಳನ್ನು ಇನ್ನೊಮ್ಮೆ ಜೋಡಿಸಿ ನೋಡಿದರು. ಗೋಡೆಯ ಗಡಿಯಾರ ಟಕ್ ಟಕ್ ಎನ್ನುತ್ತಿತ್ತು. ನಾನು ಮುದುಕ ಹೇಳಿದ್ದೆಲ್ಲವನ್ನೂ ಹೇಳಿದೆ. ಅವರು ನನ್ನ ಮುಖ ನೋಡಲಿಲ್ಲ. ಕಾಳು ಎಣಿಸುತ್ತ ಕುಳಿತರು. ಮುಗಿಸಿ ತಲೆಯೆತ್ತಿದಾಗ ಅವರ ಮುಖದಲ್ಲಿ ಸಮಾಧಾನವಿತ್ತು.

"ನೂರ ಹನ್ನೆರಡು. ಎಣಿಕೆ ಸರಿಯಿದೆ. ಕಾವಲುಗಾರ ಇರಬಹುದು. ಟೀಚರ್, ಇಲ್ಲಿ ಬರೆದು ಸಹಿ ಹಾಕಿ. ಒಟ್ಟು ನೂರ ಹನ್ನೆರಡು. ಹದಿನಾರನೆಯದು ಮೊದಲಿನಿಂದಲೂ ಖಾಲಿ."

"ಮೊದಲಿನಿಂದ ಖಾಲಿ ಇರ್ಲಿಲ್ಲ."

"ಅದು ಮುದುಕನ ಮಾತು."

"ಬನ್ನು ಯಾರ ಮಾತು?"

"ನೋಡಿ, ಹಳೇದನ್ನ ಕೆದಕಿ ಯಾರಿಗೆ ಏನು ಸಿಗುತ್ತೆ? ಇವನಿಗೆ ಮನೆ ಸಿಗುತ್ತೆ, ಸಹಿ ಹಾಕಿದ್ರೆ. ನಾಳೆ ಬೆಳಿಗ್ಗೆ ಮೇಯರು ಬರ್ತಾರೆ, ಬ್ಯಾಂಡು ಬರುತ್ತೆ. ಅಷ್ಟೇ."

ಲೇಖನಿ ನನ್ನ ಕೈಯಲ್ಲಿತ್ತು. ಹೋಗುವ ಮನೆ ನನ್ನದಾಗಿರಲಿಲ್ಲ. ಬರೆದೆ: 'ಪ್ರಾಣಿಗಳು, ನೂರ ಹನ್ನೆರಡು. ಹದಿನಾರನೆಯ ಆವರಣದಲ್ಲಿ ಮನುಷ್ಯರು, ನಾಲ್ವರು.' ಸಹಿ ಮಾಡುವ ಮೊದಲು ಫೆರ್ಮಿನ್ ಕಡೆ ನೋಡಿದೆ.

"ಏನ್ ಬರ್ದಿದೀಯ? ಓದಿ ಹೇಳಕ್ಕ."

ಓದಿದೆ. ಅವನು ಟೋಪಿ ತೆಗೆದು ಹೆಂಡತಿಯ ಕಡೆ ತಿರುಗಿದ.

"ಏನೇ ಮಾಡ್ಲಿ?"

ಕಾಸಿಲ್ದಾ ಒಂದು ಕೈಯನ್ನು ಬಾಗಿಲಿಗೆ, ಇನ್ನೊಂದನ್ನು ಹೊಟ್ಟೆಗೆ ಕೊಟ್ಟು ನಿಂತಿದ್ದಳು.

"ನನ್ನೇನು ಕೇಳ್ತೀಯ? ಹೆಬ್ಬೆಟ್ಟು ಒತ್ತು. ಈ ಗೇಟಿನೊಳಗೆ ನಾನು ಮಗು ಹೆರಲ್ಲ."

ಅವನು ಒತ್ತಿದ. ಮುದುಕ ತಿಬುರ್ಸಿಯೊ ಯಾರೂ ಕೇಳದೆಯೇ ಮುಂದೆ ಬಂದು ತಾನೂ ಒತ್ತಿದ. ಮೇಜರ್ ಹಾಳೆಯನ್ನು ಎರಡಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡರು.

"ಬೆಳಗಾಗೋದರೊಳಗೆ," ಎಂದರು.

ಮುಂಜಾನೆ ಐದಕ್ಕೆ ಮಂಚ, ಒಲೆ, ಎರಡು ಕುರ್ಚಿಗಳನ್ನು ಕೈಗಾಡಿಗೆ ಹೇರಿ ನನ್ನ ಮನೆಗೆ ಬಂದರು. ಬೀದಿಯ ಬೆಂಕಿಗಳಲ್ಲಿ ಕೆಂಡ ಇನ್ನೂ ಇತ್ತು. ಕೆಂಡದಲ್ಲಿ ಸುಟ್ಟ ಗೆಣಸನ್ನು ಫೆರ್ಮಿನ್ ಮುರಿದು ಹೆಂಡತಿಗೆ ಕೊಟ್ಟ. ಮಗು ಜುಲೈನಲ್ಲಿ ನನ್ನ ಮನೆಯಲ್ಲಿಯೇ ಹುಟ್ಟಿತು. ಒಂದೇ.

ಮೇಜಿನಿಂದ ಎತ್ತಿಕೊಂಡು ಬಂದಿದ್ದ ನಾಲ್ಕು ಬನ್ನುಗಳಲ್ಲಿ ಒಂದನ್ನು ಹಬ್ಬದ ಮಧ್ಯಾಹ್ನ ನಾನು ಕಾನ್ವೆಂಟಿಗೆ ಒಯ್ದು ಮದರ್ ಪೆಟ್ರೊನಿಲಾ ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು.

"ಏಳರ ಬಾಲ ಸೊಟ್ಟಗಿದೆ," ಎಂದರು. "ನಿಮ್ಮ ಅಮ್ಮನದೂ ಹೀಗೇ ಇತ್ತು."

"ಅಲ್ಲಿ ಯಾರಿದ್ದರು ಅಂತ ನಿಮಗೆ ಗೊತ್ತಿತ್ತಾ, ಮದರ್?"

"ಪ್ರಾರ್ಥನೆಯ ಹೊತ್ತಾಯಿತು."

ಅಳತೆಪಟ್ಟಿ ಮೇಜಿನ ಮೇಲೆಯೇ ಇತ್ತು. ನನಗೆ ಮೂವತ್ತು ವರ್ಷ. ಬೆರಳಗೆಣ್ಣುಗಳನ್ನು ಚಾಚಿ ಅದರ ಪಕ್ಕದಲ್ಲಿಟ್ಟೆ.

"ಹೊಡೀರಿ. ನಾನು ಮತ್ತೆ ಕೇಳ್ತಿದ್ದೀನಿ."

ಅವರು ಎದ್ದು ಹೋದರು. ನಾನು ಬನ್ನನ್ನು ಎತ್ತಿಕೊಂಡು ಬಂದೆ. ಮರುವರ್ಷದಿಂದ ಹುಡುಗಿಯರು ಬನ್ನನ್ನು ಹಂಸಗಳಿಗೆ ಎಸೆಯತೊಡಗಿದರು. ಅದಕ್ಕೂ 'ಬಡವರ ಪಾಲು' ಎಂದೇ ಹೆಸರು.

ಪುಸ್ತಿಕೆ ಆ ವರ್ಷದ ಜೂನ್ ಕೊನೆಗೆ ಅಚ್ಚಾಯಿತು. 'ಖಾಲಿ' ಎಂಬ ಪದವನ್ನು ಹೊಡೆದು ಹಾಕಿ ನಾನು ನಾಲ್ಕು ಸಾಲು ಬರೆದು ಕೊಟ್ಟಿದ್ದೆ. ಅಚ್ಚಾದ ಪುಸ್ತಿಕೆಯಲ್ಲಿ ಹದಿನೈದಾದ ಮೇಲೆ ಹದಿನೇಳು. ನಡುವೆ ಒಂದು ಗೆರೆಯಷ್ಟು ಜಾಗವೂ ಇಲ್ಲ. ಮುಖಪುಟದಲ್ಲಿ ನನ್ನ ಹೆಸರು ಇಂದಿಗೂ ಇದೆ. ಅಷ್ಟು ಅಂದವಾಗಿ ಅಚ್ಚಾದ ಸುಳ್ಳನ್ನು ನಾನು ಬೇರೆ ಕಂಡಿಲ್ಲ.

ಆ ಡಬ್ಬಿಯನ್ನು ಮೇಜರ್ ಕಸಕ್ಕೆ ಎಸೆದರು. ಫೆರ್ಮಿನ್ ಎತ್ತಿಕೊಂಡು ಬಂದ. ನನ್ನ ಅಡಿಗೆಮನೆಯ ಮೇಲಿನ ಹಲಗೆಯಲ್ಲಿದೆ, ಒಳಗೆ ನಾಲ್ಕು ಬನ್ನುಗಳೂ ಇವೆ. ಐವತ್ತಕ್ಕೂ ಹೆಚ್ಚು ವರ್ಷವಾಯಿತು. ಇಲಿ ಮುಟ್ಟಿಲ್ಲ, ಇರುವೆ ಮುಟ್ಟಿಲ್ಲ, ಬೂಷ್ಟು ಹಿಡಿದಿಲ್ಲ. ಇದು ಕತೆ ಎನ್ನುವವರು ಹಗಲಿನಲ್ಲಿಯೇ ಬರಲಿ. ತೂತು ಅಲ್ಲಿದೆ, ಬನ್ನು ಅಲ್ಲಿದೆ. ತೂರಿಸಿ ನೋಡಲಿ.

ಆ ರಾತ್ರಿ ಅಲ್ಲಿದ್ದವರು: ಫೆರ್ಮಿನ್ ಓಹೆದಾ, ಕಾವಲುಗಾರ. ಅವನ ಹೆಂಡತಿ ಕಾಸಿಲ್ದಾ ವೆರೊನ್. ತಿಬುರ್ಸಿಯೊ ಅಲಾರ್ಕೊನ್. ಮೇಜರ್ ಒತ್ತಾವಿಯೊ ರೆಕಾಲ್ದೆ. ಎದೆಲ್ಮಿರಾ ಓಹೆದಾ, ಅಂದರೆ ನಾನು, ನಂಬರು ಮೂವತ್ತೇಳು.

ಮತ್ತು ಒಬ್ಬ ಗಂಡ, ಒಬ್ಬಳು ಹೆಂಡತಿ, ಒಬ್ಬಳು ಹುಡುಗಿ, ಒಂದು ಕೂಸು. ಹೆಸರು ಕೇಳಿದವರಿಲ್ಲ.